ಹಾಕಿ ಹಂಗಾಮಿಗೆ ನಮ್ಮ ಮನೆಯ ಬಹುಮಾನಗಳು

ಹಿಂದೆ ನಮ್ಮ ಭಾಗದಲ್ಲಿ ರಾಶಿ ಮುಗಿದ ಮೇಲೆ ಕಣದ ಜೋಳವೆಲ್ಲ ನೇರವಾಗಿ ಹಗೇವಿಗೆ ಹೋಗುತ್ತಿರಲಿಲ್ಲ. ಕೂರಿಗೆ ಕಟ್ಟಿಕೊಟ್ಟ ಬಡಿಗನಿಗೆ, ಕುಡ ಹಣಿದುಕೊಟ್ಟ ಕಮ್ಮಾರನಿಗೆ, ಮಿಣಿ ಬಾರುಕೋಲು ಒದಗಿಸಿದವನಿಗೆ, ಹೀಗೆ ಒಬ್ಬೊಬ್ಬರಿಗೂ ಅವರವರ ಆಯವನ್ನು ಅಳೆದುಕೊಟ್ಟ ಮೇಲೆಯೇ ಒಕ್ಕಲಿಗನು ತನ್ನ ಚೀಲಗಳ ಬಾಯಿ ಹೊಲಿಯುತ್ತಿದ್ದನು. ಇವರಾರೂ ಆ ಹೊಲದಲ್ಲಿ ಬಿತ್ತಿದವರಲ್ಲ, ಕೊಯ್ದವರೂ ಅಲ್ಲ. ಆದರೂ ಅವರಿಲ್ಲದೆ ಬೆಳೆಯಿಲ್ಲವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಆಟದ ಹಂಗಾಮು ಮುಗಿದಾಗಲೂ ಇಂಥದೊಂದು ಆಯವನ್ನು ಅಳೆಯಬಾರದೇಕೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ 2024ರ ಕೊನೆಗೆ ಹುಟ್ಟಿತು. ಅದರ ಫಲವಾಗಿ ಇನ್ನೂರು ಪುಟದ ನೋಟುಬುಕ್ಕೊಂದರಲ್ಲಿ ಬರೆದಿಟ್ಟ ಬಹುಮಾನಗಳ ಯಾದಿಯನ್ನೇ ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಹನಿ ನೀರಾವರಿ ಯೋಜನೆಯ ಹೆಸರಿನಿಂದ ನಾಡಿಗೆ ಪರಿಚಿತವಾದ ನಮ್ಮ ರಾಮಥಾಳಕ್ಕೂ ಹಾಕಿಗೂ ಎತ್ತಣ ಸಂಬಂಧವೆಂದು ಯಾರಾದರೂ ಕೇಳಬಹುದು. ಈ ಸೀಮೆಯವರು ಕುಸ್ತಿಗೆ ಕೂಡಿಯಾರು, ಕಬಡ್ಡಿಗೆ ನೆರೆದಾರು; ಹಾಕಿ ಕೋಲನ್ನು ಕೈಯಲ್ಲಿ ಹಿಡಿದು ಕಂಡವರು ವಿರಳ. ನಮ್ಮ ತಮ್ಮನ ಮಗನಿಗೆ ಸೋದರಮಾವನ ಊರು ಗದಗ-ಬೆಟಗೇರಿ. ಅಲ್ಲಿ ಹಾಕಿಯ ರೂಢಿಯುಂಟು. ಎರಡು ಬೇಸಿಗೆ ಅಲ್ಲಿ ಕಳೆದು ಬಂದ ಹುಡುಗನು ಹಳೆಯ ಕೋಲೊಂದನ್ನು ಹೆಗಲಿಗೇರಿಸಿಕೊಂಡೇ ಬಂದನು. ಏಳನೆಯ ಇಯತ್ತೆ ಮುಗಿಸುವ ಮುನ್ನವೇ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಹೋಗುತ್ತೇನೆಂದು ಹಟ ಹಿಡಿದನು. ಅರ್ಜಿಯ ನಮೂನೆಯೂ ಮನೆಗೆ ಬಂದಿತು. ಪಾಲಕರ ಸಹಿಯಾಗದೆ ಅದು ಗೋಡೆಯ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಬಹಳ ದಿನ ಕುಳಿತಿತ್ತು. "ಆಟಾ ಹಿಡಕೊಂಡು ಹೋದ್ರ ಓದು ಯಾರ ಓದಬೇಕೋ?" ಎಂಬುದು ನಮ್ಮ ತಮ್ಮನ ಮಾತು. ಅದೂ ಸುಳ್ಳೆನ್ನುವಂತಿರಲಿಲ್ಲ.

ಆ ವರ್ಷದ ಭಾರತ ತಂಡದ ಹಂಗಾಮೇ ವಿಲಕ್ಷಣವಾದುದು. ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋದ ನಮ್ಮವರು ಐದು ಪಂದ್ಯ ಆಡಿ ಐದನ್ನೂ ಸೋತು ಬಂದರು. ಅದೇ ತಂಡವು ಆಗಸ್ಟ್ 2ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅದೇ ಆಸ್ಟ್ರೇಲಿಯವನ್ನು 3-2ರಿಂದ ಸೋಲಿಸಿತು. ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯವನ್ನು ಗೆದ್ದುದು 1972ರ ನಂತರ ಅದೇ ಮೊದಲು. ಮುಂದೆ ಕಂಚಿನ ಪದಕ; ಟೋಕಿಯೋದ ಕಂಚಿನ ಬೆನ್ನಿಗೇ ಇದೂ ಬಂದುದರಿಂದ, 1968 ಮತ್ತು 1972ರ ತರುವಾಯ ಹಾಕಿಯಲ್ಲಿ ಸತತ ಎರಡು ಪದಕ ಪಡೆದಂತಾಯಿತು. ಸೆಪ್ಟೆಂಬರಿನಲ್ಲಿ ಚೀನಾದ ಹುಲುನ್‌ಬುಯಿರಿನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯೂ ಕೈಸೇರಿತು. ನವೆಂಬರಿನಲ್ಲಿ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯು ನಾಯಕ ಹರ್ಮನ್‌ಪ್ರೀತ್ ಸಿಂಗರನ್ನು ವರ್ಷದ ಶ್ರೇಷ್ಠ ಆಟಗಾರರೆಂದೂ ಪಿ. ಆರ್. ಶ್ರೀಜೇಶರನ್ನು ಶ್ರೇಷ್ಠ ಗೋಲುರಕ್ಷಕರೆಂದೂ ಸಾರಿತು. ಅವೆಲ್ಲ ಸಲ್ಲತಕ್ಕ ಗೌರವಗಳೇ. ಪ್ಯಾರಿಸಿನಲ್ಲಿ ಹರ್ಮನ್‌ಪ್ರೀತರು ಹೊಡೆದ ಗೋಲುಗಳು 10. ಆ ಕೂಟದಲ್ಲಿ ಬೇರಾರೂ ಅಷ್ಟು ಹೊಡೆದಿಲ್ಲ. ಆದರೆ ಲೋಕವೇ ಕೊಟ್ಟ ಮೇಲೆ ನಾವು ಕೊಡುವುದೇನಿದೆ? ನಮ್ಮ ನೋಟುಬುಕ್ಕಿನ ಮೊದಲ ಸಾಲಿನಲ್ಲಿ "ನಾಯಕರಿಗೆ ಒಂದು ತೆಂಗಿನಕಾಯಿ" ಎಂದಷ್ಟೇ ಬರೆದು, ಗೋಲು ಹೊಡೆದವರಿಗೆ ನಮ್ಮಲ್ಲಿ ತೆಂಗಿನಕಾಯಿಗಿಂತ ಹೆಚ್ಚಿನದಿಲ್ಲವೆಂಬ ನಿಯಮವನ್ನೂ ಮಾಡಿಕೊಂಡೆವು.

ಇನ್ನು ದೊಡ್ಡ ಬಹುಮಾನ. ಅದು ಅಮಿತ್ ರೋಹಿದಾಸರದು. ಇದರ ಮೇಲೆ ಮನೆಯಲ್ಲಿ ನಡೆದಷ್ಟು ವಾದ ಹೊಲದ ಬದುವಿನ ಮೇಲೂ ನಡೆದಿರಲಿಕ್ಕಿಲ್ಲ.

ಆಟ ಅರಿಯದ ತಾಯಂದಿರಿಗಾಗಿ ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಎಂಬುದೊಂದುಂಟು. ಎದುರಾಳಿಗಳಲ್ಲಿ ಒಬ್ಬನು ಹಿಂಬದಿಯ ಗೆರೆಯಿಂದ ಚೆಂಡನ್ನು ಒಳಕ್ಕೆ ತಳ್ಳುತ್ತಾನೆ. ವೃತ್ತದ ಅಂಚಿನಲ್ಲಿ ಮತ್ತೊಬ್ಬನು ಅದನ್ನು ತಡೆದು ನಿಲ್ಲಿಸುತ್ತಾನೆ. ಮೂರನೆಯವನು ಅದನ್ನು ಕೋಲಿನಿಂದ ಎಳೆದು ಬೀಸಿ ಗೋಲಿನತ್ತ ಎಸೆಯುತ್ತಾನೆ. ಇಷ್ಟಕ್ಕೆಲ್ಲ ಹಿಡಿಯುವುದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು. ಚೆಂಡಿನ ತೂಕ 160 ಗ್ರಾಂ ಆಸುಪಾಸು, ಗಟ್ಟಿತನದಲ್ಲಿ ಕಲ್ಲಿನ ತಮ್ಮ, ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲು. ಕಾಯುವ ಪಕ್ಷದಲ್ಲಿ ಗೋಲುರಕ್ಷಕನನ್ನೂ ಸೇರಿಸಿ ಐವರು ಮಾತ್ರ ಗೆರೆಯ ಹಿಂದೆ ನಿಲ್ಲಬಹುದು. ಅವರಲ್ಲಿ ಒಬ್ಬನು ಮುಖಕ್ಕೆ ಮುಖವಾಡ, ಮೊಣಕಾಲಿಗೆ ಕವಚ ಕಟ್ಟಿಕೊಂಡು, ಚೆಂಡು ಕದಲಿದೊಡನೆ ಎಸೆಯುವವನ ಎದೆಗೇ ನೇರವಾಗಿ ಓಡಬೇಕು. ಎಸೆತದ ದಾರಿಗೆ ತನ್ನ ಮೈಯನ್ನು ಅಡ್ಡವಾಗಿಡುವುದೇ ಅವನ ಕೆಲಸ. ಚೆಂಡು ತಾಗಿದರೆ ಕೆಲಸ ಕೈಗೂಡಿತೆಂದು ಅರ್ಥ! ಈ ಮೊದಲ ಓಟಗಾರನ ಕಾಯಕವನ್ನು ಟೋಕಿಯೋದಲ್ಲಿಯೂ ಪ್ಯಾರಿಸಿನಲ್ಲಿಯೂ ಮಾಡಿದವರು ಒಡಿಶಾದ ಸುಂದರಗಡ ಜಿಲ್ಲೆಯ ಸೌನಾಮರಾ ಎಂಬ ಹಳ್ಳಿಯಿಂದ ಬಂದ ಈ ರೋಹಿದಾಸರು. ಗೋಲು ಹೊಡೆದವನ ಹೆಸರು ಫಲಕದ ಮೇಲೆ ಮೂಡುತ್ತದೆ. ಆಗದೇ ಹೋದ ಗೋಲಿಗೆ ಯಾವ ಫಲಕವೂ ಇಲ್ಲ.

ಆದರೆ ವಾದವೆದ್ದುದು ಬೇರೊಂದು ಕಾರಣಕ್ಕೆ. ಆಗಸ್ಟ್ 4, ಆದಿತ್ಯವಾರ, ನಾಗರ ಅಮಾವಾಸ್ಯೆ. ಎತ್ತು ಹೂಡುವ ದಿನವಲ್ಲವಾದ್ದರಿಂದ ಮನೆ ತುಂಬ ಜನ. ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಎದುರು ಎಂಟರ ಘಟ್ಟದ ಪಂದ್ಯ ಆರಂಭವಾಯಿತು. 17ನೆಯ ನಿಮಿಷದಲ್ಲಿ ರೋಹಿದಾಸರ ಕೋಲು ಮೇಲೆದ್ದು ಎದುರಾಳಿ ವಿಲ್ ಕ್ಯಾಲ್ನನ್ನರ ಮುಖಕ್ಕೆ ತಾಗಿತು. ಚಿತ್ರವನ್ನು ಮತ್ತೆ ಮತ್ತೆ ನೋಡಿ ತೀರ್ಪುಗಾರರು ಕೆಂಪು ಚೀಟಿ ತೋರಿಸಿದರು. ಹಾಕಿಯಲ್ಲಿ ಹಸಿರು ಚೀಟಿಗೆ ಎರಡು ನಿಮಿಷ, ಹಳದಿಗೆ ಐದು ನಿಮಿಷ ಅಥವಾ ಮೇಲ್ಪಟ್ಟು ಹೊರಗೆ ಕೂರಬೇಕು. ಕೆಂಪಿಗೆ ಮಾತ್ರ ಮರಳಿ ಬರುವಂತಿಲ್ಲ, ಬದಲಿಗೆ ಇನ್ನೊಬ್ಬನೂ ಬರುವಂತಿಲ್ಲ. ಇನ್ನುಳಿದ 43 ನಿಮಿಷ ಹತ್ತೇ ಜನ ಹನ್ನೊಂದು ಜನರೊಡನೆ ಆಡಬೇಕಾಯಿತು. ಮುಂದಿನ ಪಂದ್ಯಕ್ಕೂ ರೋಹಿದಾಸರಿಗೆ ನಿಷೇಧ ಬಂದಿತು. ಭಾರತದ ಮನವಿ ಫಲಿಸಲಿಲ್ಲ.

"ತಂಡಾನ ಅಡಚಣ್ಯಾಗ ಕೆಡವಿದವ್ಗ ದೊಡ್ಡ ಬಹುಮಾನ ಏನ?" ಎಂದನು ನಮ್ಮ ತಮ್ಮ. ಬೇಕೆಂದೇ ಹೊಡೆದರೆಂದು ನಮಗಂತೂ ಅನ್ನಿಸಲಿಲ್ಲ. ಆದರೂ ತೀರ್ಪು ತೀರ್ಪೇ. ಕೊನೆಗೆ ಹುಡುಗನೇ ಒಂದು ದಾರಿ ತೋರಿಸಿದನು. "ದೊಡ್ಡಪ್ಪಾ, ಅವರು ಇರಲಿಲ್ಲಂದಾಗ ಏನಾತು ನೋಡ್ರಿ. ಸೆಮಿಫೈನಲ್ ಸೋತ್ವಿ." ಆಗಸ್ಟ್ 6ರ ರಾತ್ರಿ ಜರ್ಮನಿಯೆದುರು ರೋಹಿದಾಸರಿಲ್ಲದ ತಂಡವು 2-3ರಿಂದ ಸೋತಿತ್ತು. ಅದರಲ್ಲಿ ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರಿನಿಂದಲೇ ಬಂದಿತ್ತು. ಅವರಿದ್ದಿದ್ದರೆ ಗೆಲ್ಲುತ್ತಿದ್ದೆವೆಂದು ಹೇಳಲು ನಾವು ಜೋತಿಷಿಗಳಲ್ಲ. ಆದರೆ ಕಮ್ಮಾರನು ಊರಲ್ಲಿಲ್ಲದ ವರ್ಷವೇ ಕುಡದ ಬೆಲೆ ತಿಳಿಯುವುದಷ್ಟೆ! ಬಹುಮಾನ ಅವರಿಗೇ ನಿಂತಿತು. ಕೆಂಪು ಚೀಟಿಯ ಸಂಗತಿಯನ್ನೂ ಮುಚ್ಚಿಡದೆ ಅದೇ ಸಾಲಿನಲ್ಲಿ ಬರೆದೆವು.

ಅದೇ ಅಮಾವಾಸ್ಯೆಯ ಪಂದ್ಯದಲ್ಲಿ ರೋಹಿದಾಸರು ಬಿಟ್ಟುಹೋದ ಹಿಂಬದಿಯ ಸ್ಥಾನಕ್ಕೆ ಇಳಿದು ನಿಂತವರು ಮನ್‌ಪ್ರೀತ್ ಸಿಂಗ್. ಇವರು ಸಾಮಾನ್ಯರಲ್ಲ, ಟೋಕಿಯೋದಲ್ಲಿ ಪದಕ ತಂದ ತಂಡದ ನಾಯಕರು. ನಡುಮೈದಾನದಲ್ಲಿ ಆಟವನ್ನು ಹೆಣೆಯುವುದೇ ಇವರ ಎಂದಿನ ಸ್ಥಾನ. ಪ್ಯಾರಿಸಿನಲ್ಲಿ ನಾಯಕತ್ವ ಇನ್ನೊಬ್ಬರ ಕೈಯಲ್ಲಿತ್ತು. ಮನೆಯ ಯಜಮಾನಿಕೆಯನ್ನು ತಮ್ಮಂದಿರಿಗೆ ಒಪ್ಪಿಸಿದ ಬಳಿಕ ಅದೇ ಮನೆಯಲ್ಲಿ ದುಡಿಯುವುದು ಎಷ್ಟು ಕಠಿಣವೆಂಬುದು ಕೂಡುಕುಟುಂಬದಲ್ಲಿ ಬಾಳಿದವರಿಗೆ ಹೇಳಿಕೊಡಬೇಕಾಗಿಲ್ಲ. ನಾವು ಮನೆಗೆ ಹಿರಿಯರಾದ್ದರಿಂದ ಈ ಬಹುಮಾನದ ವಿಷಯದಲ್ಲಿ ಸ್ವಲ್ಪ ಪಕ್ಷಪಾತ ಮಾಡಿದೆವೆಂದು ತಮ್ಮನ ಆಕ್ಷೇಪ. ಇರಲಿ. ನಡುಮೈದಾನದಲ್ಲಿ ಎರಡು ಆಳಿನ ಓಟ ಓಡಿದ ಹಾರ್ದಿಕ್ ಸಿಂಗರಿಗೂ ಇದೇ ಸಾಲಿನಲ್ಲಿ ಅರ್ಧ ಪಾಲು ಕೊಟ್ಟೆವು.

ಪಂದ್ಯವು 1-1ರಲ್ಲಿ ಮುಗಿದು ನಿರ್ಣಯಕ್ಕೆ ಶೂಟೌಟ್ ನಡೆಯಿತು. ಅದರಲ್ಲಿ ಆಟಗಾರನೊಬ್ಬನು 23 ಮೀಟರಿನ ಗೆರೆಯಿಂದ ಚೆಂಡನ್ನು ಒಯ್ದು ಎಂಟು ಸೆಕೆಂಡಿನೊಳಗೆ ಗೋಲುರಕ್ಷಕನೊಬ್ಬನನ್ನೇ ವಂಚಿಸಬೇಕು. 4-2ರ ಆ ಗೆಲುವಿನ ಕೊನೆಯ ಗೋಲನ್ನು ಹೊಡೆದವರು ರಾಜಕುಮಾರ ಪಾಲ್. ಗೋಲು ಹೊಡೆದವರಿಗೆ ತೆಂಗಿನಕಾಯಿಯೆಂಬ ನಿಯಮ ಇದ್ದುದರಿಂದ ಇವರಿಗೂ ಅಷ್ಟೇ. ಆದರೆ ಇವರ ತಾಯಿಯವರಿಗೆ ಒಂದು ಇಳಕಲ್ಲ ಸೀರೆ, ತೋಪು ತೆನಿಯ ಸೆರಗಿನದು! ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಮೂವರು ಗಂಡುಮಕ್ಕಳನ್ನು ಆ ತಾಯಿಯೇ ಬೆಳೆಸಿದರು. ಉತ್ತರಪ್ರದೇಶದ ಗಾಜಿಪುರ ಜಿಲ್ಲೆಯ ಕರಂಪುರವೆಂಬ ಅವರ ಊರು ಒಂದು ಹಳ್ಳಿ. ಅಲ್ಲಿ ತೇಜ್ ಬಹಾದ್ದೂರ್ ಸಿಂಗ್ ಎಂಬ ಹಿರಿಯರು ಹುಡುಗರಿಗಾಗಿ ಕಟ್ಟಿ ಬೆಳೆಸಿದ ಮೇಘಬರನ್ ಸಿಂಗ್ ಕ್ರೀಡಾಂಗಣದಲ್ಲಿ ರಾಜಕುಮಾರರು ಆಟ ಕಲಿತರು. ಊರ ಮಕ್ಕಳಿಗೆ ಒಂದು ಸಮತಟ್ಟಾದ ನೆಲವನ್ನೂ ಹೇಳಿಕೊಡುವವರನ್ನೂ ಒದಗಿಸಿದರೆ ಹಳ್ಳಿಯೊಂದು ಒಲಿಂಪಿಕ್ಸಿನವರೆಗೆ ಕೈ ಚಾಚಬಲ್ಲುದು. ಸೀರೆಯನ್ನು ಕಳಿಸುವ ಬಗೆ ಮಾತ್ರ ನಮಗೆ ತಿಳಿಯದೆ ಅದು ನೋಟುಬುಕ್ಕಿನಲ್ಲಿಯೇ ಉಳಿದಿದೆ.

2018ರಲ್ಲಿ ಬೆನ್ನಿನ ಪೆಟ್ಟಿನಿಂದ ಬಲಗಾಲಿನ ಸ್ವಾಧೀನವೇ ತಪ್ಪಿ ಹಾಸಿಗೆ ಹಿಡಿದು, ತಂದೆಯ ಆರೈಕೆಯಿಂದ ಮತ್ತೆ ನಡೆದು, ಓಡಿ, ಪ್ಯಾರಿಸಿನಲ್ಲಿ ಆಡಿದ ಸುಖಜೀತ್ ಸಿಂಗರ ತಂದೆಗೂ ಒಂದು ಶಾಲು ಬರೆದಿದ್ದೇವೆ.

ಶ್ರೀಜೇಶರ ಪ್ರಕರಣ ಬೇರೆ. ಅದು ನಮ್ಮ ತಾಯಿಯವರಿಗೆ ಸಂಬಂಧಿಸಿದ್ದು.

ಆಗಸ್ಟ್ 8ರಂದು ಸ್ಪೇನಿನ ಎದುರು ಕಂಚಿಗಾಗಿ ಪಂದ್ಯ ನಡೆದಾಗ ನಮ್ಮಲ್ಲಿ ನಾಗಚೌತಿ. ಹಾಲೆರೆದು ಬಂದ ಹೆಣ್ಣುಮಕ್ಕಳು, ಜೋಕಾಲಿ ಬಿಟ್ಟು ಬಂದ ಮಕ್ಕಳು ಎಲ್ಲರೂ ಸಂಜೆ ಐದೂವರೆಗೆ ಶೇಂಗಾದುಂಡಿ, ಎಳ್ಳುಂಡಿಗಳ ತಟ್ಟೆಯೊಡನೆ ಟೀವಿಯ ಮುಂದೆ ಕುಳಿತಿದ್ದರು. ಮೊದಲು ಸ್ಪೇನ್ ಮುಂದಾಯಿತು. ಹರ್ಮನ್‌ಪ್ರೀತರು 30 ಮತ್ತು 33ನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 2-1 ಮಾಡಿದರು. ಆಟ ಮುಗಿಯಲು ನಿಮಿಷವೂ ಉಳಿದಿರದಾಗ ಸ್ಪೇನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರೀಜೇಶರು ತಡೆದರು. ಆಟ ಮುಗಿದೊಡನೆ ನಾಯಕರು ಅವರನ್ನು ಹೆಗಲ ಮೇಲೆ ಹೊತ್ತು ಮೈದಾನದಲ್ಲಿ ನಡೆದರು. ಲಂಡನ್, ರಿಯೊ, ಟೋಕಿಯೋ, ಪ್ಯಾರಿಸ್ ಎಂಬ ನಾಲ್ಕು ಒಲಿಂಪಿಕ್ಸ್ ಕಂಡ ಅವರ ಕೊನೆಯ ಪಂದ್ಯ ಅದು. ಅವರು ತೊಡುತ್ತಿದ್ದ 16ನೆಯ ಅಂಕಿಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಘೋಷಿಸಿತು.

ಆ ಹೊತ್ತಿನಲ್ಲಿ ಹುಡುಗನು ತನ್ನ ಆಯಿಗೆ, ಎಂದರೆ ನಮ್ಮ ತಾಯಿಯವರಿಗೆ, ಶ್ರೀಜೇಶರ ಬಾಲ್ಯದ ಕಥೆ ಹೇಳಿದನು. ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಎಂಬ ಊರಿನ ಒಕ್ಕಲುತನದ ಮನೆ ಅವರದು. ತಿರುವನಂತಪುರದ ಜಿ. ವಿ. ರಾಜಾ ಕ್ರೀಡಾಶಾಲೆಯಲ್ಲಿದ್ದ ಮಗನಿಗೆ ಗೋಲುರಕ್ಷಕನ ಕವಚಗಳು ಬೇಕಾದಾಗ ಹಣ ಸಾಲದೆ ತಂದೆಯವರು ಮನೆಯ ಆಕಳನ್ನೇ ಮಾರಿದರು. ಇದನ್ನು ಶ್ರೀಜೇಶರೇ ಹಲವು ಸಲ ಹೇಳಿಕೊಂಡಿದ್ದಾರೆ. ಪದಕದ ಗದ್ದಲವೆಲ್ಲ ಮುಗಿದ ಮೇಲೂ ತಾಯಿಯವರು ಸುಮ್ಮನೆ ಕುಳಿತಿದ್ದರು. ಆಮೇಲೆ ಕೇಳಿದರು:

"ಆ ಆಕಳ ಹಾಲ ಕೊಡತಿತ್ತೇನ?"

"ಗೊತ್ತಿಲ್ಲ ಆಯಿ."

"ಕರಾ ಇತ್ತೇನ?"

ಹುಡುಗನು ತಲೆ ತಗ್ಗಿಸಿದನು. ನಮ್ಮ ಬಳಿಯೂ ಉತ್ತರವಿರಲಿಲ್ಲ. ಆಕಳು ಮಾರಿದ ಮನೆಯಲ್ಲಿ ಮರುದಿನ ಬೆಳಗಿನ ಚಹಾಕ್ಕೆ ಹಾಲು ಎಲ್ಲಿಂದ ಬಂದಿತೆಂಬುದು ಯಾವ ಪತ್ರಿಕೆಯೂ ಬರೆಯುವ ಸಂಗತಿಯಲ್ಲ. ತಾಯಿಯವರ ಅಪ್ಪಣೆಯ ಮೇರೆಗೆ ಆ ಆಕಳ ಹೆಸರಿಗೇ ಒಂದು ಬಹುಮಾನ ಬರೆದೆವು. ಶ್ರೀಜೇಶರಿಗೆ ಬೇರೆ ಬರೆಯಲಿಲ್ಲ.

ಶ್ರೀಜೇಶರ ನೆರಳಿನಲ್ಲಿಯೇ ಇನ್ನೊಬ್ಬರಿದ್ದರು. ಹುಡುಗನು ತಾನೇ ಆರಿಸಿದ ಹೆಸರು ಅದೊಂದೇ: ಕೃಷನ್ ಪಾಠಕ್. ಒಲಿಂಪಿಕ್ಸಿನ 16 ಮಂದಿಯ ತಂಡದಲ್ಲಿ ಗೋಲುರಕ್ಷಕನಿಗೆ ಸ್ಥಾನವೊಂದೇ. ಅದು ಶ್ರೀಜೇಶರದು. ಪಾಠಕರು ಟೋಕಿಯೋಕ್ಕೂ ಕಾಯ್ದಿರಿಸಿದ ಆಟಗಾರರು, ಪ್ಯಾರಿಸಿಗೂ ಕಾಯ್ದಿರಿಸಿದ ಆಟಗಾರರು. ಚಿಕ್ಕ ವಯಸ್ಸಿನಲ್ಲಿಯೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅವರು ವರ್ಷಾನುವರ್ಷ ಅದೇ ಅಭ್ಯಾಸ ಮಾಡಿ, ಅದೇ ಬೆವರು ಸುರಿಸಿ, ಪದಕದ ಹೊತ್ತಿಗೆ ಹೊರಗೆ ಉಳಿದರು. ಅವರೊಡನೆ ಪ್ಯಾರಿಸಿನಲ್ಲಿ ಕಾಯುತ್ತ ಉಳಿದ ಇನ್ನೊಬ್ಬರು ಜುಗರಾಜ್ ಸಿಂಗ್; ಅಟಾರಿಯವರು. ಗಡಿಯಲ್ಲಿ ಹಮಾಲಿ ಮಾಡಿ, ನೀರಿನ ಬಾಟಲಿ ಮಾರಿ ದಿನ ಕಳೆದವರು. ಸೆಪ್ಟೆಂಬರ್ 17ರಂದು ಚೀನಾದ ಎದುರಿನ ಅಂತಿಮ ಪಂದ್ಯದಲ್ಲಿ 50 ನಿಮಿಷ ಕಳೆದರೂ ಗೋಲಿರಲಿಲ್ಲ. 51ನೆಯ ನಿಮಿಷಕ್ಕೆ ನಾಯಕರು ಕೊಟ್ಟ ಚೆಂಡನ್ನು ಗೋಲಿಗೆ ಸೇರಿಸಿ 1-0 ಮಾಡಿದವರು ಈ ಜುಗರಾಜರೇ. ಶ್ರೀಜೇಶರು ಬಿಟ್ಟುಹೋದ ಸ್ಥಾನದಲ್ಲಿ ಆ ಕೂಟದಲ್ಲಿ ನಿಂತವರು ಪಾಠಕರು.

ನೋಟುಬುಕ್ಕಿನಲ್ಲಿ ಒಂದು ಸಾಲು ಖಾಲಿ ಉಳಿದಿದೆ. "ನಮ್ಮ ನಾಡಿನ ಆಟಗಾರನಿಗೆ" ಎಂದು ಬರೆದು ಮುಂದೆ ಹೆಸರು ತುಂಬಲಾಗಲಿಲ್ಲ. ತಂಡವು ತಿಂಗಳುಗಟ್ಟಲೆ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಬೀಡುಬಿಟ್ಟು ಅಭ್ಯಾಸ ಮಾಡುತ್ತದೆ. ಆದರೆ ಪ್ಯಾರಿಸಿಗೆ ಹೋದ ತಂಡದಲ್ಲಿ ಕನ್ನಡ ನಾಡಿನವರು ಒಬ್ಬರೂ ಇರಲಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತವನ್ನು ಮುನ್ನಡೆಸಿ ಬೆಳ್ಳಿ ತಂದವರು ಕೊಡಗಿನ ಎಂ. ಪಿ. ಗಣೇಶ್. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಕೊರಿಯಾದ ಪೆನಾಲ್ಟಿ ಹೊಡೆತಗಳನ್ನು ತಡೆದು ಚಿನ್ನ ದೊರಕಿಸಿದವರು ಬೆಂಗಳೂರಿಗರಾದ ಆಶಿಷ್ ಬಲ್ಲಾಳ್. ಸೋಮವಾರಪೇಟೆಯ ಎಸ್. ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿ 2021ರಲ್ಲಿ ನಿವೃತ್ತರಾದರು. ಅಂಥ ನಾಡಿನಲ್ಲಿ ಈ ಸಾಲು ಖಾಲಿ!

ಹಾಗೆಂದು ಆಟ ಬತ್ತಿಹೋಗಿಲ್ಲ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದ ಕುಟುಂಬ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360. ವರ್ಷಕ್ಕೊಂದು ಮನೆತನವು ಹಬ್ಬದ ಹೊಣೆ ಹೊರುತ್ತದೆ. ತಂದೆ, ಮಗಳು, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಅಲ್ಲಿಯ ಮಕ್ಕಳು ಆಟಕ್ಕಾಗಿ ಮನೆಯವರ ಅಪ್ಪಣೆ ಬೇಡಬೇಕಾಗಿಲ್ಲ, ಮನೆಯವರೇ ಮೈದಾನದಲ್ಲಿರುತ್ತಾರೆ. ನಮ್ಮ ಮನೆಯ ಮಾಡದಲ್ಲಿದ್ದ ಅರ್ಜಿ ನಮಗೆ ಆಗ ನೆನಪಾಯಿತು.

ಪಾಠಕರ ಸಾಲನ್ನು ಓದಿ ಮುಗಿಸಿದ ದಿನ ನಮ್ಮ ತಮ್ಮನು ಮಗನನ್ನು ಕೇಳಿದನು: "ಅವರ್ಹಂಗ ಹತ್ತು ವರ್ಸ ಹೊರಗ ಕುಂತು, ಕರೀಲೇ ಇಲ್ಲಂದ್ರ?" ಹುಡುಗನು ಬಹಳ ಹೊತ್ತು ಯೋಚಿಸಿದನು. "ಕರೀಲಿಲ್ಲಂದ್ರ ಇಲ್ಲ ಅಪ್ಪಾ. ಆದ್ರ ಕರದಾಗ ಬರಾಕ ಬರಬೇಕಲ್ಲ" ಎಂದನು. ತಮ್ಮನು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದಾಗ ಅರ್ಜಿಗೆ ಸಹಿಯಾಗಿತ್ತು. ಓದು ಬಿಡಕೂಡದೆಂಬ ಕರಾರನ್ನು ಮಾತಿನಲ್ಲಿಯೇ ಮಾಡಿಸಿಕೊಂಡನೆಂದು ಆಮೇಲೆ ತಿಳಿಯಿತು.

ಆಯ್ಕೆಗೆ ಹೋದ ಹುಡುಗನು ಆ ಸಲ ಆಯ್ಕೆಯಾಗಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಹಿತ್ತಲಿನ ಗೋಡೆಗೆ ಚೆಂಡು ಬಡಿಯುವ ಸಪ್ಪಳ ಮತ್ತೆ ಕೇಳಿಸಿತು. ಮುಂದಿನ ಸಲದ ಅರ್ಜಿಯನ್ನು ಈಗ ತಮ್ಮನೇ ವಿಚಾರಿಸುತ್ತಿದ್ದಾನೆ. ನೋಟುಬುಕ್ಕಿನಲ್ಲಿ 2025ರ ಪುಟವೂ ತೆರೆದಿದೆ. ಆ ವರ್ಷದ ಸೆಪ್ಟೆಂಬರ್ 7ರಂದು ಬಿಹಾರದ ರಾಜಗೀರದಲ್ಲಿ ಭಾರತವು ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದು 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅಂದಿನ ನಾಲ್ಕನೆಯ ಗೋಲನ್ನು ಹೊಡೆದವರು ಅಮಿತ್ ರೋಹಿದಾಸರು. ಗೋಲು ಹೊಡೆದವರಿಗೆ ತೆಂಗಿನಕಾಯಿ ಮಾತ್ರವೆಂಬ ನಿಯಮ ಇರುವುದರಿಂದ ಈಗ ಅವರಿಗೆ ಏನು ಬರೆಯಬೇಕೆಂಬ ಚರ್ಚೆ ಮನೆಯಲ್ಲಿ ಇನ್ನೂ ಹರಿದಿಲ್ಲ.